ದುಬೈಗೆ ಕಾಗದ ಮಾಡಿಸುವವರೇ, ಅಪೊಸ್ಟಿಲ್ ಸ್ಟಿಕ್ಕರ್‌ಗೆ ದುಡ್ಡು ಸುರಿಯಬೇಡಿ

ಫ್ಯಾಮಿಲಿ ವೀಸಾಗೆ ಅಂತ ಮ್ಯಾರೇಜ್ ಸರ್ಟಿಫಿಕೇಟ್, ಮಕ್ಕಳ ಬರ್ತ್ ಸರ್ಟಿಫಿಕೇಟ್ ಅಟೆಸ್ಟ್ ಮಾಡಿಸಲು ಓಡಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಒಬ್ಬ ಏಜೆಂಟ್ ನಮ್ಮಿಂದ 16,000 ರೂಪಾಯಿ ತೆಗೆದುಕೊಂಡು, ದುಬೈನಲ್ಲಿ ಮೂರು ಕಾಸಿಗೂ ಬಾರದ ಅಪೊಸ್ಟಿಲ್ ಸ್ಟಿಕ್ಕರ್ (ಕಾಗದದ ಸಹಿ, ಸೀಲು ಅಸಲಿ ಅಂತ ಹೊರದೇಶಕ್ಕೆ ತೋರಿಸೋ ಸರ್ಕಾರಿ ದೃಢೀಕರಣ) ಅಂಟಿಸಿ ಕೊಟ್ಟಿದ್ದಾನೆ. ನನಗಿನ್ನೂ ಕೋಪ ಇಳಿದಿಲ್ಲ. ಬರಹ ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಹೆಸರು ಹಾಕುತ್ತಿಲ್ಲ. ಹಾಕಿದರೆ ಕೇಸು ಹಾಕ್ತೀನಿ ಅಂತ ಆಗಲೇ ಹೇಳಿಬಿಟ್ಟಿದ್ದಾನೆ. ಇರಲಿ. ಅವನು ಆಡುವ ಮಾತು ಗೊತ್ತಿದ್ದರೆ ನೀವೇ ಗುರುತು ಹಿಡಿಯುತ್ತೀರಿ.

ನಮ್ಮ ಯಜಮಾನರು ದುಬೈನಲ್ಲಿದ್ದಾರೆ. ನಾನು, ಮಗಳು ಹಾಸನದಲ್ಲಿ. ಇಬ್ಬರಿಗೂ ವೀಸಾ ಆಗಬೇಕಿತ್ತು. ಎರಡೇ ಕಾಗದ: ಮದುವೆಯದ್ದು, ಮಗಳ ಜನನದ್ದು. ಯುಎಇಗೆ ಈ ಕಾಗದಗಳು ಹೇಗೆ ಹೋಗಬೇಕು ಅನ್ನೋದು ಗಲ್ಫ್‌ನಲ್ಲಿ ಜನ ಇರುವ ಮನೆಗಳಿಗೆಲ್ಲ ಗೊತ್ತಿರೋದೇ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯ, ಅದಾದ ಮೇಲೆ ಯುಎಇ ಎಂಬೆಸಿ, ಕೊನೆಗೆ ಅಲ್ಲಿಯ ವಿದೇಶಾಂಗ ಇಲಾಖೆಯ ಮುದ್ರೆ, ಎಲ್ಲರೂ ಮೊಫಾ ಅಂತಾರಲ್ಲ ಅದು. ಏಜೆಂಟ್‌ಗೆ ಮೊದಲ ದಿನವೇ ಇದನ್ನೆಲ್ಲ ಹೇಳಿದ್ದೆ. "ಯುಎಇ ಎಂಬೆಸಿವರೆಗೂ ಆಗಬೇಕು ಸರ್" ಅಂತ ಬಾಯಿಬಿಟ್ಟು ಹೇಳಿದ್ದೆ. ವಾಟ್ಸಾಪ್‌ನಲ್ಲೂ ಹಾಕಿದ್ದೆ.

ಅವನ ಉತ್ತರ: "ಎಲ್ಲಾ ಇನ್‌ಕ್ಲೂಡೆಡ್ ಮೇಡಂ, ನೀವು ಟಿಕೆಟ್ ಬುಕ್ ಮಾಡ್ಕೊಳ್ಳಿ."

ಎಲ್ಲಾ ಇನ್‌ಕ್ಲೂಡೆಡ್! ಈ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತೆ.

ಕಾಗದ ವಾಪಸ್ ಬಂತು. ಹಿಂದುಗಡೆ ಚಂದದ ಸ್ಟಿಕ್ಕರ್, ನಂಬರ್, ಭಾರತ ಸರ್ಕಾರ ಅಂತ ಬರೆದಿದೆ. ನಂಬದೇ ಇರೋಕೆ ಕಾರಣವೇ ಇಲ್ಲ. ಮಾವನವರು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿ "ಸರಿ ಇದೆ ಕಣಮ್ಮ" ಅಂದರು. ಊರಿಂದ ಹೊರಟ ಪರಿಚಯದವರ ಕೈಯಲ್ಲಿ ಎರಡನ್ನೂ ಕಳಿಸಿದೆವು.

ಅಲ್ಲಿ ಯಜಮಾನರು ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರ್‌ಗೆ ಹೋದರು. ಕೌಂಟರ್‌ನಲ್ಲಿದ್ದ ಮಲಯಾಳಿ ಹುಡುಗ ಕಾಗದದ ಹಿಂದೆ ನೋಡಿದ, ಮುಂದೆ ನೋಡಿದ. "ಎಂಬೆಸಿ ಸ್ಟ್ಯಾಂಪ್ ಎಲ್ಲಿ ಸರ್? ಇದು ಅಪೊಸ್ಟಿಲ್. ಇಲ್ಲಿ ನಡೆಯಲ್ಲ" ಅಂದನಂತೆ. ಇವರು ಇಂಡಿಯನ್ ಗವರ್ನಮೆಂಟ್ ಸ್ಟಿಕ್ಕರ್ ಕಣಪ್ಪ ಅಂತ ವಾದ ಮಾಡಿದ್ದಾರೆ. ಅವನು ನಕ್ಕು "ಒಮಾನ್‌ಗಾದ್ರೆ ಓಕೆ ಸರ್" ಅಂದಿದ್ದಾನೆ. ಕ್ಯೂನಲ್ಲಿ ಹಿಂದೆ ನಿಂತಿದ್ದವರೂ ನಕ್ಕರಂತೆ. ಅಲ್ಲಿಂದಲೇ ನನಗೆ ಫೋನ್. "ಏನ್ ಮಾಡಿಸಿದ್ದೀಯ ನೀನು?" ಅಂತ. ನಾನೇನು ಹೇಳಲಿ? ಮೆಸೇಜ್ ಕಳಿಸಿದ್ದು ನಾನು, ದುಡ್ಡು ಹಾಕಿದ್ದು ನಾನು, ನಮ್ಮ ಓರಗಿತ್ತಿಯ ತಂಗಿಗೆ ಈ ಪುಣ್ಯಾತ್ಮನ ನಂಬರ್ ಕೊಟ್ಟಿದ್ದೂ ನಾನೇ. ಮೊದಲು ಅವಳಿಗೆ ಫೋನ್ ಮಾಡಿ ನಿಲ್ಲಿಸಿದೆ. ಆ ನಾಚಿಕೆ ಬೇರೆ.

ಆಮೇಲೆ ಕೂತು ಓದಿದೆ. ಅಪೊಸ್ಟಿಲ್ ಅನ್ನೋದು 1961ರ ಹೇಗ್ ಒಪ್ಪಂದದ್ದು. ಅದಕ್ಕೆ ಸೇರಿದ ದೇಶಗಳಲ್ಲಿ ಮಾತ್ರ ನಡೆಯುತ್ತೆ, ಅಲ್ಲಿಗೆ ಎಂಬೆಸಿ ಬೇಕಾಗಿಲ್ಲ. ಭಾರತದಲ್ಲಿ ಅದು ಜಾರಿಗೆ ಬಂದಿದ್ದು 2005ರಲ್ಲಿ. ಗಲ್ಫ್‌ನಲ್ಲಿ ಒಮಾನ್ ಇದೆ, ಬಹರೇನ್ ಇದೆ, 2022ರ ಡಿಸೆಂಬರ್‌ನಿಂದ ಸೌದಿಯಲ್ಲೂ ಜಾರಿ ಇದೆ. ಯುಎಇ ಇಲ್ಲ. ಕುವೈತ್ ಇಲ್ಲ. ಕತಾರ್ ಇಲ್ಲ. ದಿನಾ ಇದೇ ಕೆಲಸ ಮಾಡುವವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬಬೇಕಾ? ಎಂಬೆಸಿಗೆ ಕಟ್ಟೋ ಫೀಸು ಉಳಿಯಿತು, ಕೆಲಸ ಬೇಗ ಮುಗಿಯಿತು, ರೇಟು ಮಾತ್ರ ಎಂಬೆಸಿವರೆಗಿನದ್ದು. ಸಚಿವಾಲಯ ಒಂದು ಅಪೊಸ್ಟಿಲ್‌ಗೆ ತೆಗೆದುಕೊಳ್ಳೋದು 50 ರೂಪಾಯಿ. ಐವತ್ತೇ ಐವತ್ತು! ಅದರ ಮೇಲೆ ಅರ್ಜಿ ತೆಗೆದುಕೊಳ್ಳುವ ಅಧಿಕೃತ ಏಜೆನ್ಸಿಯವರ ಸಣ್ಣ ಚಾರ್ಜು. ನಮ್ಮ ಬಿಲ್‌ನಲ್ಲಿ "ಗವರ್ನಮೆಂಟ್ ಫೀ" ಅಂತಲೇ 9,000 ಇತ್ತು.

ಇನ್ನೊಂದು. ಕಾಗದದ ಹಿಂದೆ ಕರ್ನಾಟಕದ ಸೀಲೇ ಇಲ್ಲ. ದೆಹಲಿಯ ಯಾವುದೋ ಎಸ್‌ಡಿಎಂ (ಉಪವಿಭಾಗದ ಮ್ಯಾಜಿಸ್ಟ್ರೇಟ್) ಸೀಲು ಇದೆ. ನಮ್ಮ ಮದುವೆ ಆಗಿದ್ದು ಚನ್ನರಾಯಪಟ್ಟಣದಲ್ಲಿ. ದೆಹಲಿ ಎಸ್‌ಡಿಎಂ ಸಾಹೇಬರಿಗೂ ಅದಕ್ಕೂ ಏನು ಸಂಬಂಧ? ಅದು ಶಾರ್ಟ್‌ಕಟ್ ದಾರಿಯಂತೆ, ಕೆಲವು ದೇಶಗಳಿಗೆ ನಡೆಯುತ್ತಂತೆ. ನಮ್ಮನ್ನು ಯಾರು ಕೇಳಿದರು?

ಈಗ ಅವನ ಉತ್ತರಗಳನ್ನು ಕೇಳಿ.

ಮೊದಲು: "ಅಪೊಸ್ಟಿಲ್ ಅಂದ್ರೆ ಎಂಬೆಸಿಗಿಂತ ಪವರ್ ಜಾಸ್ತಿ ಮೇಡಂ. ನೂರಕ್ಕೂ ಹೆಚ್ಚು ದೇಶದಲ್ಲಿ ನಡೆಯುತ್ತೆ." ಆ ನೂರರಲ್ಲಿ ನನಗೆ ಬೇಕಾದ ಒಂದು ಇಲ್ವಲ್ಲಪ್ಪಾ!

ಆಮೇಲೆ: "ನೀವು ಯುಎಇ ಅಂತ ಹೇಳಲೇ ಇಲ್ಲ." ವಾಟ್ಸಾಪ್ ಸ್ಕ್ರೀನ್‌ಶಾಟ್ ಕಳಿಸಿದೆ. ಎರಡು ನೀಲಿ ಟಿಕ್ ಬಂತು. ಅದರ ಹಿಂದೆಯೇ ಅವನು ಕಳಿಸಿದ್ದ "ಎಲ್ಲಾ ಇನ್‌ಕ್ಲೂಡೆಡ್" ವಾಯ್ಸ್ ಮೆಸೇಜ್ ಡಿಲೀಟ್ ಆಯಿತು.

ಆಮೇಲೆ: "ಟೈಪಿಂಗ್ ಸೆಂಟರ್‌ನವರಿಗೆ ರೂಲ್ಸ್ ಗೊತ್ತಿಲ್ಲ, ಬೇರೆ ಕಡೆ ಕೊಡಿ." ಯಜಮಾನರು ರಜೆ ಹಾಕಿ ಬೇರೆ ಕಡೆಯೂ ಹೋದರು. ಅಲ್ಲೂ ಅದೇ ಮಾತು.

ಕೊನೆಗೆ: "ಸರಿ ಮೇಡಂ, ಎಂಬೆಸಿಗೆ ಅಪ್‌ಗ್ರೇಡ್ ಮಾಡಿಸೋಣ. ಎರಡಕ್ಕೂ ಸೇರಿ 11,000 ಆಗುತ್ತೆ, ನಿಮಗೋಸ್ಕರ ಡಿಸ್ಕೌಂಟ್." ಅಪ್‌ಗ್ರೇಡ್ ಅಂತೆ! ಮೊಬೈಲ್ ರೀಚಾರ್ಜ್ ಪ್ಯಾಕಾ ಇದು? ದುಡ್ಡು ವಾಪಸ್ ಕೊಡಿ ಅಂದೆ. "ನಾವು ಕೆಲಸ ಮಾಡಿದ್ದೀವಿ, ಸ್ಟಿಕ್ಕರ್ ಒರಿಜಿನಲ್ಲೇ, ವೆಬ್‌ಸೈಟ್‌ನಲ್ಲಿ ಚೆಕ್ ಮಾಡ್ಕೊಳ್ಳಿ" ಅಂದ. ಚೆಕ್ ಮಾಡಿದೆ. ಒರಿಜಿನಲ್ಲೇ. ಅಲ್ಲೇ ಇರೋದು ಮೋಸ. ನಕಲಿ ಆಗಿದ್ದರೆ ಪೊಲೀಸರಿಗಾದರೂ ತೋರಿಸಬಹುದಿತ್ತು. ಅಸಲಿ ಸ್ಟಿಕ್ಕರನ್ನೇ ಕೆಲಸಕ್ಕೆ ಬಾರದ ಕಡೆಗೆ ಮಾಡಿಸಿಕೊಟ್ಟರೆ ಯಾರಿಗೆ ಹೇಳೋದು? ರಸೀದಿಯಲ್ಲಿ "ಡಾಕ್ಯುಮೆಂಟ್ ಸರ್ವಿಸ್" ಅಂತ ಎರಡೇ ಪದ. ದುಡ್ಡು ಹೋಗಿರೋದು ಅವನ ಹೆಂಡತಿಯ ಖಾತೆಗೆ.

ಕಡೆಗೆ ನಾವು ಆ ಕಾಗದಗಳ ಆಸೆ ಬಿಟ್ಟು ಹೊಸ ಪ್ರತಿ ತೆಗೆಸಿದೆವು. ಸಬ್ ರಿಜಿಸ್ಟ್ರಾರ್ ಆಫೀಸಿನವರು ಎಷ್ಟೋ ವಾಸಿ, ಕೇಳಿದ ಪ್ರತಿ ಕೊಟ್ಟರು. ಈಗ ಬೇರೆ ದಾರಿಯಲ್ಲಿ, ರಾಜ್ಯದ ಸೀಲಿನಿಂದಲೇ ಶುರು ಮಾಡಿದ್ದೇವೆ. ಮಗಳ ಸ್ಕೂಲ್ ಅಡ್ಮಿಷನ್ ಅಲ್ಲಿ ತಪ್ಪಿತು. ಇಲ್ಲಿ ಟಿಸಿ ತೆಗೆಸಿಬಿಟ್ಟಿದ್ದೆವು, ಮತ್ತೆ ಅದೇ ಸ್ಕೂಲಿಗೆ ಹೋಗಿ ಕೈ ಮುಗಿದು ಸೇರಿಸಿದ್ದಾಯಿತು. ಇದಕ್ಕೆಲ್ಲ ಅವನ ಹತ್ತಿರ ಬಿಲ್ ಇದೆಯಾ?

ನೀವು ಹೀಗೆ ಮಾಡಿ. ಹೋಗುವ ದೇಶ ಹೇಗ್ ಒಪ್ಪಂದದಲ್ಲಿ ಇದೆಯಾ ಅಂತ ನೀವೇ ನೋಡಿ, ಏಜೆಂಟ್ ಬಾಯಿಂದ ಕೇಳಬೇಡಿ. ಎಂಇಎ, ಅಂದರೆ ನಮ್ಮ ವಿದೇಶಾಂಗ ಸಚಿವಾಲಯ, ಜನರ ಕೈಯಿಂದ ನೇರವಾಗಿ ಕಾಗದ ತೆಗೆದುಕೊಳ್ಳಲ್ಲ, ನಿಜ. ಆದರೆ ಅವರೇ ನೇಮಿಸಿದ ಏಜೆನ್ಸಿಗಳ ಪಟ್ಟಿ ಸಚಿವಾಲಯದ ವೆಬ್‌ಸೈಟ್‌ನಲ್ಲಿದೆ. ಬೋರ್ಡಿನ ಮೇಲೆ "ಎಂಇಎ ಅಪ್ರೂವ್ಡ್" ಅಂತ ಯಾರು ಬೇಕಾದರೂ ಬರೆಸಿಕೊಳ್ಳಬಹುದು, ಇವನೂ ಬರೆಸಿಕೊಂಡಿದ್ದಾನೆ. ರಸೀದಿಯಲ್ಲಿ ದೇಶದ ಹೆಸರು, ಎಂಬೆಸಿವರೆಗೂ ಅನ್ನೋ ಮಾತು, ರಾಜ್ಯದ ಸೀಲಾ ಎಸ್‌ಡಿಎಂ ಸೀಲಾ ಅನ್ನೋದು, ಮೂರೂ ಬರೆಸಿಕೊಳ್ಳದೆ ಒಂದು ರೂಪಾಯಿ ಕೊಡಬೇಡಿ. "ನಮ್ಮ ಮೇಲೆ ನಂಬಿಕೆ ಇಲ್ವಾ ಮೇಡಂ?" ಅಂತ ಕೇಳ್ತಾರೆ. ಇಲ್ಲ ಅಂತ ಹೇಳಿ.

ಬೆಂಗಳೂರಿನಲ್ಲಿ ಯಾರಾದರೂ ಈಗಾಗಲೇ ಒರಿಜಿನಲ್ ಕೊಟ್ಟು "ಎಲ್ಲಾ ಇನ್‌ಕ್ಲೂಡೆಡ್" ಅನ್ನೋ ಮಾತು ಕೇಳಿಸಿಕೊಂಡು ಬಂದಿದ್ದರೆ, ಸ್ಟಿಕ್ಕರ್ ಅಂಟಿಸುವ ಮೊದಲು ಹೋಗಿ ಕಾಗದ ವಾಪಸ್ ತೆಗೆದುಕೊಳ್ಳಿ. ಅಡ್ವಾನ್ಸ್ ಹೋದರೆ ಹೋಗಲಿ.