ಬೆಂಗೇರಿಯ ಖಾದಿ ಧ್ವಜ: ಮನೆಯ ಮೇಲೆ ಹಾರಿಸಲು ಹೇಗಿದೆ?

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ತಯಾರಿಸುವ ರಾಷ್ಟ್ರಧ್ವಜವನ್ನು ನಮ್ಮ ಮನೆಯ ತಾರಸಿಗೆಂದು ಕೊಂಡಿದ್ದೇವೆ. ಧ್ವಜ ಸಂಹಿತೆ ಹೇಳುವ ಒಂಬತ್ತು ಅಳತೆಗಳಲ್ಲಿ ನಾವು ಆರಿಸಿದ್ದು 900 × 600 ಮಿಲಿಮೀಟರಿನದು. 225 × 150ರ ಧ್ವಜ ಗಣ್ಯರ ಕಾರಿಗೆ, 150 × 100ರದು ಮೇಜಿಗೆ ಗೊತ್ತುಪಡಿಸಿದವಾದ್ದರಿಂದ, ಅಗ್ಗವೆಂದು ಅವನ್ನು ಕಂಬಕ್ಕೆ ಏರಿಸುವುದು ಸರಿಯಲ್ಲ.

ಧ್ವಜದ ಮೈ ಹಗುರ ಖಾದಿಯದು, ಹಗ್ಗ ಹಾಯುವ ಪಟ್ಟಿ ದಪ್ಪ ಖಾದಿಯದು. ಹಗ್ಗದ ಮೇಲ್ತುದಿಗೆ ಮರದ ಸಣ್ಣ ತುಂಡೊಂದನ್ನು ಕಟ್ಟಿರುವುದರಿಂದ ಯಾವ ಬದಿ ಮೇಲಕ್ಕೆಂಬ ಗೊಂದಲವಿಲ್ಲ. ಆತುರದಲ್ಲಿ ಹಸಿರು ಮೇಲಾಗಿ ಏರಿದ ಧ್ವಜಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಚಕ್ರದ 24 ಅರೆಗಳು ಎರಡೂ ಬದಿಯಲ್ಲಿ ಸ್ಪಷ್ಟವಾಗಿವೆ. ಇದಕ್ಕೂ ಮೊದಲು ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿದ ಪಾಲಿಯೆಸ್ಟರ್ ಧ್ವಜದಲ್ಲಿ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಧ್ವಜ ಸಂಹಿತೆಯ 2021ರ ಡಿಸೆಂಬರ್ ತಿದ್ದುಪಡಿ ಪಾಲಿಯೆಸ್ಟರಿಗೂ ಯಂತ್ರದ ನೇಯ್ಗೆಗೂ ಒಪ್ಪಿಗೆ ಕೊಟ್ಟಿದೆ ನಿಜ, ಆದರೆ ಧ್ವಜದ ಉದ್ದ-ಎತ್ತರದ 3:2ರ ಪ್ರಮಾಣವನ್ನು ಸಡಿಲಿಸಿಲ್ಲ.

ಹತ್ತಿಯ ಮಿತಿ ಮಳೆಗಾಲದಲ್ಲಿ ಗೊತ್ತಾಗುತ್ತದೆ. ತೊಯ್ದ ಬಟ್ಟೆ ಭಾರವಾಗಿ ಕಂಬಕ್ಕೆ ಅಂಟಿಕೊಳ್ಳುತ್ತದೆ, ಗಾಳಿಗೆ ಬಡಿದು ಬಡಿದು ಕಂಬದಿಂದ ದೂರದ ಅಂಚು ಎಳೆ ಬಿಡತೊಡಗುತ್ತದೆ. 2022ರ ಜುಲೈನಿಂದ ಸಾರ್ವಜನಿಕರು ತಮ್ಮ ಮನೆಯ ಮೇಲೆ ಹಗಲೂ ರಾತ್ರಿಯೂ ಧ್ವಜ ಹಾರಿಸಬಹುದಾದರೂ, ಹರಿದ ಅಥವಾ ಮಾಸಿದ ಧ್ವಜವನ್ನು ಪ್ರದರ್ಶಿಸಬಾರದೆಂಬ ನಿಯಮ ಹಾಗೆಯೇ ಇರುವುದರಿಂದ ನಾವು ಸಂಜೆಗೇ ಇಳಿಸುತ್ತೇವೆ: ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ, ನೆಲಕ್ಕೆ ತಾಗದಂತೆ.

ಖಾದಿಯ ಪರವಾಗಿ ಇನ್ನೊಂದು ಮಾತು ಹೇಳಲೇಬೇಕು. ಸವೆದ ಧ್ವಜವನ್ನು ಒರೆಸುವ ಬಟ್ಟೆ ಮಾಡದೆ, ಖಾಸಗಿಯಾಗಿ, ಇಡಿಯಾಗಿ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕೆಂಬುದು ಸಂಹಿತೆಯ ಸೂಚನೆ. ಹತ್ತಿ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ನಾರುತ್ತಾ ಮುದ್ದೆಗಟ್ಟುತ್ತದೆ, ಅದನ್ನು ಗೌರವದ ವಿದಾಯವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಗೋಡೆಗೆ ಉದ್ದುದ್ದ ತೂಗುಹಾಕುವವರು ಕೇಸರಿ ನೋಡುಗರ ಎಡಕ್ಕೆ ಬರುವಂತೆ ಗಮನಿಸಬೇಕು. ಬೆಲೆ ಪಾಲಿಯೆಸ್ಟರಿಗಿಂತ ಹೆಚ್ಚು, ಆದರೂ ಕಂಬವಿರುವ ಮನೆಗೆ ಮತ್ತು ಶಾಲೆಗೆ ಇದನ್ನೇ ಸೂಚಿಸುತ್ತೇನೆ. ಮಕ್ಕಳ ಕೈಗೆ ಕಾಗದದ ಧ್ವಜ ಸಾಕು, ಮೆರವಣಿಗೆ ಮುಗಿದ ಮೇಲೆ ಅವನ್ನು ನೆಲದ ಮೇಲೆ ಬಿಡದೆ ಹಿಂದಕ್ಕೆ ಪಡೆಯುವ ಹೊಣೆಯನ್ನು ಯಾರಾದರೂ ವಹಿಸಿಕೊಳ್ಳಬೇಕು.