ಫಾರ್ಮ್ ಸಿ: ಗರ್ಭಪಾತಕ್ಕೆ ಮುಂಚೆ ಸಹಿ ಹಾಕುವ ಹಾಳೆ ಹೇಗಿದೆ?

ಗರ್ಭಪಾತ ಸೇವೆ ಕೊಡುವ ಆಸ್ಪತ್ರೆ ಚೆನ್ನಾಗಿದೆಯೇ ಎಂದು ಕೇಳುವವರು ಸಾಮಾನ್ಯವಾಗಿ ಡಾಕ್ಟರು ಯಾರು, ಬಿಲ್ ಎಷ್ಟಾಗುತ್ತದೆ ಎಂದು ವಿಚಾರಿಸುತ್ತಾರೆ. ಅದರ ಜೊತೆಗೆ ನೋಡಬೇಕಾದದ್ದು ಫಾರ್ಮ್ ಸಿ. 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆಗೆ ಸಂಬಂಧಿಸಿದ 2003ರ ನಿಯಮಗಳಲ್ಲಿರುವ ಸಮ್ಮತಿ ಪತ್ರ ಇದು. ಮಾತ್ರೆಯಲ್ಲಿ ಮಾಡಿದರೂ, ಎಂವಿಎ (ಕೈಯಿಂದ ನಡೆಸುವ ಸಿರಿಂಜಿನಿಂದ ಹೀರಿ ಗರ್ಭಕೋಶ ಖಾಲಿ ಮಾಡುವ ವಿಧಾನ) ಮಾಡಿದರೂ ಇದು ಬೇಕೇ ಬೇಕು. ಈ ಹಾಳೆಯನ್ನು ಯಾವಾಗ, ಯಾರ ಕೈಯಲ್ಲಿ, ಹೇಗೆ ತುಂಬಿಸುತ್ತಾರೆ ಎಂಬುದನ್ನು ಗಮನಿಸಿದರೆ ಆ ಆಸ್ಪತ್ರೆ ಹೆಣ್ಣುಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಬಹುಪಾಲು ಗೊತ್ತಾಗುತ್ತದೆ.

ಹಾಳೆಯಲ್ಲಿ ಹೆಚ್ಚೇನೂ ಇಲ್ಲ. ಹೆಸರು, ಯಾರ ಮಗಳು ಅಥವಾ ಹೆಂಡತಿ, ಸುಮಾರು ವಯಸ್ಸು, ಕಾಯಂ ವಿಳಾಸ, ಈಗಿರುವ ವಿಳಾಸ, ಗರ್ಭಪಾತ ಮಾಡುವ ಜಾಗ, ದಿನಾಂಕ, ಸಹಿ. ಕೆಳಗಿನ ಅರ್ಧ ಪೋಷಕರಿಗೆ ಮೀಸಲು. ಆಕೆಗೆ 18 ತುಂಬಿರದಿದ್ದರೆ ಅಥವಾ ಮಾನಸಿಕ ಅಸ್ವಸ್ಥತೆ ಇದ್ದರೆ ಮಾತ್ರ ಅದನ್ನು ತುಂಬಬೇಕು.

ಇದರ ದೊಡ್ಡ ಗುಣ ಎಂದರೆ ಗಂಡನ ಸಹಿಗೆ ಇದರಲ್ಲಿ ಜಾಗವೇ ಇಲ್ಲ. ಕಾಯ್ದೆಯ 3(4)ನೇ ಕಲಮಿನ ಪ್ರಕಾರ 18 ದಾಟಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ಮನೆಯವರ ಒಪ್ಪಿಗೆಯಂಥ, ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು. ಮದುವೆಯಾಗದವರು ತಂದೆಯ ಹೆಸರು ಬರೆದರೆ ಆಯಿತು. ‘ಮಗಳು ಅಥವಾ ಹೆಂಡತಿ’ ಎಂದು ಇರುವುದರಿಂದ ಮದುವೆಯ ಪುರಾವೆ ಕೊಡಬೇಕು ಎಂದೇನೂ ಅಲ್ಲ. ಹಾಗಿದ್ದರೂ ಕೆಲವು ಕಡೆ ಇದೇ ಹಾಳೆಗೆ ಗಂಡನ ಕಾಲಂ ಒಂದನ್ನು ಸೇರಿಸಿ ಪ್ರಿಂಟ್ ಹಾಕಿಸಿರುತ್ತಾರೆ. ಮುಂದೆ ತಕರಾರು ಬರಬಾರದು ಎಂಬ ಭಯಕ್ಕೆ ಹೀಗೆ ಮಾಡುತ್ತಾರೆ. ಕಾರಣ ಅರ್ಥವಾಗುವಂಥದ್ದೇ, ಆದರೆ ಒಪ್ಪುವಂಥದ್ದಲ್ಲ. ಆ ಒಂದು ಸಹಿಗಾಗಿ ಓಡಾಡುತ್ತ ವಾರಗಳು ಕಳೆದರೆ ಮಾತ್ರೆಯಲ್ಲಿ ಮುಗಿಯಬೇಕಿದ್ದದ್ದು ಆಪರೇಷನ್‌ವರೆಗೆ ಹೋಗುತ್ತದೆ.

ಪೋಷಕರ ಭಾಗದಲ್ಲೂ ಎಡವಟ್ಟುಗಳಾಗುತ್ತವೆ. ಕಾಯ್ದೆಯ ಪ್ರಕಾರ ಪೋಷಕರೆಂದರೆ ಆಕೆಯನ್ನು ನೋಡಿಕೊಳ್ಳುತ್ತಿರುವವರು. ತಂದೆಯೇ ಬಂದು ಸಹಿ ಹಾಕಬೇಕು ಎಂದು ಪಟ್ಟು ಹಿಡಿಯುವುದು ತಪ್ಪು. ಬುದ್ಧಿಮಾಂದ್ಯತೆ ಇದೆ ಎಂದ ಮಾತ್ರಕ್ಕೆ ಪೋಷಕರ ಕೈಯಲ್ಲಿ ಸಹಿ ಹಾಕಿಸಿ ಮುಗಿಸುವುದೂ ತಪ್ಪು. 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬುದ್ಧಿಮಾಂದ್ಯತೆ ಬೇರೆ, ಮಾನಸಿಕ ಅಸ್ವಸ್ಥತೆ ಬೇರೆ ಎಂದು ಹೇಳಿ, ಆ ಹೆಣ್ಣುಮಗಳ ಒಪ್ಪಿಗೆಯೇ ಮುಖ್ಯ ಎಂದಿತು. 18ರೊಳಗಿನವರ ವಿಷಯದಲ್ಲಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಡಿ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಹುಡುಗಿಯೂ ಪೋಷಕರೂ ಕೇಳಿಕೊಂಡರೆ ವೈದ್ಯರು ಆ ವರದಿಯಲ್ಲಿ ಆಕೆಯ ಹೆಸರು ಹೇಳಬೇಕಿಲ್ಲ ಎಂದು 2022ರ ಅದೇ ತೀರ್ಪು ಹೇಳುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಆಸ್ಪತ್ರೆಯ ಬಾಗಿಲಿಂದಲೇ ವಾಪಸ್ ಹೋಗುತ್ತಾರೆ.

ಈಗ ದೊಡ್ಡ ಕೊರತೆಗೆ ಬರೋಣ. ಯಾವ ವಿಧಾನ, ಏನು ಅಪಾಯ, ಬೇರೆ ದಾರಿ ಏನಿದೆ, ಇದರ ಬಗ್ಗೆ ಫಾರ್ಮ್ ಸಿಯಲ್ಲಿ ಒಂದು ಸಾಲೂ ಇಲ್ಲ. ‘ಒಪ್ಪಿದ್ದೇನೆ’ ಎಂದಿದೆ, ‘ತಿಳಿದುಕೊಂಡು ಒಪ್ಪಿದ್ದೇನೆ’ ಎಂದಿಲ್ಲ. ತಿಳಿಸಿ ಹೇಳುವ ಹೊಣೆಯನ್ನು ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪು ಎಲ್ಲ ವೈದ್ಯರ ಮೇಲೂ ಹೊರಿಸಿದೆ. ಚಿಕಿತ್ಸೆ ಏನು, ಯಾಕೆ, ಪರ್ಯಾಯ ಏನು, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನೂ ಹೇಳಿದ ಮೇಲೆ ಸಿಕ್ಕ ಒಪ್ಪಿಗೆಯೇ ಒಪ್ಪಿಗೆ. ಹಾಗಾಗಿ ಮಾತು ಮೊದಲು, ಸಹಿ ಆಮೇಲೆ. ಅಡ್ಮಿಷನ್ ಕೌಂಟರಿನಲ್ಲಿ ಉಳಿದ ಕಾಗದಗಳ ಜೊತೆ ಫಾರ್ಮ್ ಸಿಗೂ ಸಹಿ ಹಾಕಿಸಿಕೊಂಡರೆ, ಒಳಗೆ ಡಾಕ್ಟರು ಎಷ್ಟೇ ಒಳ್ಳೆಯವರಾಗಿದ್ದರೂ ಆ ಸೇವೆಗೆ ಅರ್ಧ ಅಂಕ ಕಳೆಯಬೇಕು.

ಆ ಮಾತಿನಲ್ಲಿ ಏನೇನು ಬರಬೇಕು? ಮಾತ್ರೆಯ ವಿಧಾನ 9 ವಾರದವರೆಗೆ. ಮೊದಲ ದಿನ ಮಿಫೆಪ್ರಿಸ್ಟೋನ್ 200 ಮಿ.ಗ್ರಾಂ., ಮೂರನೇ ದಿನ ಮಿಸೊಪ್ರೊಸ್ಟಾಲ್, 15ನೇ ದಿನ ಮತ್ತೆ ತಪಾಸಣೆ. ನೂರರಲ್ಲಿ 95ಕ್ಕೂ ಹೆಚ್ಚು ಮಂದಿಗೆ ಇದರಲ್ಲೇ ಪೂರ್ತಿಯಾಗುತ್ತದೆ. ಉಳಿದವರಿಗೆ ಎಂವಿಎ ಬೇಕಾಗಬಹುದು ಎಂದು ಮೊದಲೇ ಹೇಳಿರಬೇಕು. ಮಾತ್ರೆ ನುಂಗಿದ ಮೇಲೂ ಗರ್ಭ ಉಳಿದುಕೊಂಡರೆ ಭ್ರೂಣಕ್ಕೆ ತೊಂದರೆಯಾಗುವ ಸಾಧ್ಯತೆ ಇರುವುದರಿಂದ 15ನೇ ದಿನ ಬರುವುದನ್ನು ತಪ್ಪಿಸಬಾರದು. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ದೊಡ್ಡ ಪ್ಯಾಡ್ ಗಂಟೆಗೆ ಎರಡರಂತೆ ಸತತ ಎರಡು ಗಂಟೆ ಪೂರ್ತಿ ನೆಂದರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಈ ಒಂದು ಸೂಚನೆಯನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡುವ ಆಸ್ಪತ್ರೆಗೆ ಪೂರ್ತಿ ಅಂಕ ಕೊಡಬಹುದು. ಎಂವಿಎ ಆದರೆ 12 ವಾರದವರೆಗೆ. ಕೆಲವೇ ನಿಮಿಷದ ಕೆಲಸ, ಸಾಮಾನ್ಯವಾಗಿ ಲೋಕಲ್ ಅನಸ್ತೇಸಿಯಾ ಸಾಕು. ಸೋಂಕು, ಸ್ವಲ್ಪ ಉಳಿದುಬಿಡುವುದು, ಅಪರೂಪಕ್ಕೆ ಗರ್ಭಕೋಶಕ್ಕೆ ತೂತಾಗುವುದು, ಇವನ್ನೂ ಮುಚ್ಚಿಡದೆ ಹೇಳಬೇಕು.

ಕಾಪರ್ ಟಿ ಅಥವಾ ಟ್ಯೂಬೆಕ್ಟಮಿಗೆ (ಮಕ್ಕಳಾಗದಂತೆ ಮಾಡುವ ಆಪರೇಷನ್) ಒಪ್ಪಿದರೆ ಮಾತ್ರ ಗರ್ಭಪಾತ ಎನ್ನುವುದು ಹಳೆಯ ಚಾಳಿ. ಫಾರ್ಮ್ ಸಿ ಕೊಡುವ ಒಪ್ಪಿಗೆ ಗರ್ಭಪಾತಕ್ಕೆ ಮಾತ್ರ, ಮಿಕ್ಕದ್ದಕ್ಕೆ ಬೇರೆ ಮಾತು, ಬೇರೆ ಸಹಿ. ಹತ್ತು ದಿನದೊಳಗೇ ಅಂಡೋತ್ಪತ್ತಿ ಮರಳಬಹುದು, ಹಾಗಾಗಿ ಗರ್ಭನಿರೋಧಕದ ವಿಷಯ ಹೇಳಲೇಬೇಕು. ಆದರೆ ಹೇಳುವುದು ಬೇರೆ, ಷರತ್ತು ಹಾಕುವುದು ಬೇರೆ.

ಅಮೆರಿಕದಲ್ಲಿ ಈ ಮಾಹಿತಿಯ ಭಾಗವನ್ನು ರಾಜ್ಯಗಳೇ ಕಾನೂನಿನಲ್ಲಿ ಬರೆದವು. ಪೆನ್ಸಿಲ್ವೇನಿಯಾದ ಕಾಯ್ದೆ, ಸರ್ಕಾರ ಗೊತ್ತುಮಾಡಿದ ಮಾಹಿತಿ ಹೇಳಿ 24 ಗಂಟೆ ಕಾಯಿಸಬೇಕು ಎಂದಿತ್ತು. 1992ರ ಕೇಸಿ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಗಂಡನಿಗೆ ತಿಳಿಸಬೇಕೆಂಬ ಕಲಮನ್ನು ಮಾತ್ರ ಹೊಡೆದುಹಾಕಿತು. ನಮ್ಮ ಕಾನೂನಿನಲ್ಲಿ ಕಾಯುವ ಅವಧಿ ಇಲ್ಲ. ಅದು ಇರದಿರುವುದೇ ಒಳ್ಳೆಯದು. ದೂರದ ಊರಿಂದ ಬಂದವರನ್ನು ನಾಳೆ ಬಾ ಎಂದರೆ ಖರ್ಚೂ ಎರಡು ಪಟ್ಟು, ಗುಟ್ಟು ರಟ್ಟಾಗುವ ಭಯವೂ ಎರಡು ಪಟ್ಟು.

ಸಹಿಗೆ ಮುಂಚೆ ನೋಡಿಕೊಳ್ಳಬೇಕಾದ್ದು: ಆಸ್ಪತ್ರೆ ಖಾಸಗಿಯಾದರೆ ಮಾನ್ಯತೆಯ ಫಾರ್ಮ್ ಬಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಸರ್ಕಾರಿ ಆಸ್ಪತ್ರೆಗೆ ಅದು ಬೇಕಿಲ್ಲ. ಜಾಗದ ಹೆಸರನ್ನು ಖಾಲಿ ಬಿಟ್ಟು ಸಹಿ ಹಾಕಬೇಡಿ, ಗರ್ಭಪಾತ ಎಲ್ಲಿ ಆಗುತ್ತದೋ ಅದೇ ಹೆಸರು ಅಲ್ಲಿರಲಿ. ಇಂಗ್ಲಿಷ್ ಹಾಳೆಯಾದರೆ ಓದಿ ಹೇಳಿಸಿಕೊಳ್ಳಿ. ಹೆಬ್ಬೆಟ್ಟು ಒತ್ತುವವರಿಗಂತೂ ಇದು ತಪ್ಪಲೇಬಾರದು.

ಸಹಿಯಾದ ಮೇಲೆ ಹಾಳೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಒಳ್ಳೆಯ ವ್ಯವಸ್ಥೆ ಇದೆ. ಕೇಂದ್ರದ 2003ರ ವಿನಿಯಮಗಳ ಪ್ರಕಾರ ಸಮ್ಮತಿ ಪತ್ರವನ್ನು ವೈದ್ಯರ ಅಭಿಪ್ರಾಯದ ಜೊತೆ ಲಕೋಟೆಯಲ್ಲಿಟ್ಟು, ಅಂಟಿಸಿ, ಮೇಲೆ ‘ರಹಸ್ಯ’ ಎಂದು ಬರೆಯಬೇಕು. ಆಕೆಯ ಹೆಸರು ಅಡ್ಮಿಷನ್ ರಿಜಿಸ್ಟರಿನಲ್ಲಿ ಮಾತ್ರ ಇರಬೇಕು. ಕೇಸ್ ಶೀಟ್, ಒಟಿ ರಿಜಿಸ್ಟರ್, ಫಾಲೋಅಪ್ ಕಾರ್ಡಿನಲ್ಲೆಲ್ಲ ಬರೀ ಕ್ರಮಸಂಖ್ಯೆ. ಕೆಲವು ಕಡೆ ಸಿಸ್ಟರು ವೇಟಿಂಗ್ ಹಾಲಿನಲ್ಲಿ ಹೆಸರು ಹಿಡಿದು ‘ಎಂಟಿಪಿ ಪೇಷಂಟ್’ ಎಂದು ಕೂಗುವುದುಂಟು. ಅಂಥ ಕಡೆ ಈ ಗುಟ್ಟಿನ ವ್ಯವಸ್ಥೆಯೆಲ್ಲ ನೀರುಪಾಲು. 2021ರ ತಿದ್ದುಪಡಿ ತಂದ 5ಎ ಕಲಮಿನ ಪ್ರಕಾರ, ಕಾನೂನಿನ ಅಧಿಕಾರ ಇಲ್ಲದವರಿಗೆ ವೈದ್ಯರು ಆಕೆಯ ಹೆಸರು, ವಿವರ ಬಿಟ್ಟುಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.