ಹಳೆಯ ಟಿ420ಗೆ ಹೊಸ ಫ್ಯಾನ್, ಅಂಗಡಿಯ ಹೊಸ ಲ್ಯಾಪ್‌ಟಾಪ್, ಭಾವನ ಟಿ480: ಮೂರರಲ್ಲೂ ಕೆಲಸ ಮಾಡಿದ ಮೇಲೆ

ಕಳೆದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಲೆನೊವೊ ಥಿಂಕ್‌ಪ್ಯಾಡ್ ಟಿ420 ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ಕಪ್ಪು ಪರದೆಯ ಮೇಲೆ ‘ಫ್ಯಾನ್ ಎರರ್’ ಅಂತ ಎರಡೇ ಶಬ್ದ ಬಂತು. ಮತ್ತೆ ತನ್ನಷ್ಟಕ್ಕೇ ಆಫ್ ಆಯಿತು. ಆ ಒಂದು ಫ್ಯಾನಿನ ದೆಸೆಯಿಂದ ಐದು ತಿಂಗಳಲ್ಲಿ ಮೂರು ಲ್ಯಾಪ್‌ಟಾಪ್‌ಗಳಲ್ಲಿ ಕೆಲಸ ಮಾಡಿದೆ. ಒಂದು ಅಂಗಡಿಯಲ್ಲಿ ಹೊಸದಾಗಿ ಕೊಂಡದ್ದು, ಇನ್ನೊಂದು ಭಾವನಿಂದ ತಂದದ್ದು, ಮತ್ತೊಂದು ರಿಪೇರಿಯಾಗಿ ವಾಪಸ್ ಬಂದ ನನ್ನದೇ ಹಳೆಯದು. ಇದನ್ನು ಟೈಪ್ ಮಾಡುತ್ತಿರುವುದು ಆ ಹಳೆಯದರಲ್ಲೇ. ನನಗೆ ಅದೇ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಲ್ಲೇ ಕುಳಿತು ಡಿಟಿಪಿ ಮಾಡುವವನು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಸ್ಮರಣ ಸಂಚಿಕೆ, ಕೆಲವೊಮ್ಮೆ ಯಕ್ಷಗಾನ ಪ್ರಸಂಗದ ಹಸ್ತಪ್ರತಿ. ಜಾಸ್ತಿ ಕನ್ನಡ, ನಡುವೆ ಸ್ವಲ್ಪ ಮಲಯಾಳ. ದಿನಕ್ಕೆ ಏಳೆಂಟು ಗಂಟೆ ಬೆರಳು ಕೀಬೋರ್ಡಿನ ಮೇಲೆಯೇ ಇರುತ್ತದೆ. ವಿಡಿಯೊ ಎಡಿಟಿಂಗ್ ಇಲ್ಲ, ಗೇಮ್ ಇಲ್ಲ. ಹಾಗಾಗಿ ಪ್ರೊಸೆಸರ್ ಎಷ್ಟು ವೇಗ, ಸ್ಕ್ರೀನ್ ಎಷ್ಟು ಚಂದ ಅನ್ನುವುದನ್ನೆಲ್ಲ ಬಿಟ್ಟುಬಿಡುತ್ತೇನೆ. ನನಗೆ ಬೇಕಾದದ್ದು ಮೂರು ವಿಷಯ: ಕೀಬೋರ್ಡ್ ಹೇಗಿದೆ, ಕರೆಂಟ್ ಹೋದರೆ ಎಷ್ಟು ಹೊತ್ತು ನಡೆಯುತ್ತದೆ, ಹಾಳಾದರೆ ಯಾರು ಬಿಚ್ಚುತ್ತಾರೆ.

ಮೊದಲು ಆ ಫ್ಯಾನಿನ ವಿಷಯ. ಟಿ420 ಬಂದದ್ದು 2011ರಲ್ಲಿ. ನಾನು ಕೊಂಡದ್ದು ಅದಕ್ಕೆ ನಾಲ್ಕು ವರ್ಷ ಆದ ಮೇಲೆ, ಸೆಕೆಂಡ್‌ಹ್ಯಾಂಡ್. ಇಷ್ಟು ವರ್ಷ ತಿರುಗಿದ ಫ್ಯಾನ್ ಸವೆಯುವುದು ಸಹಜ. ಮಳೆಗಾಲದಿಂದಲೇ ಕರಕರ ಶಬ್ದ ಬರುತ್ತಿತ್ತು, ನಾನೂ ಗಮನ ಕೊಡಲಿಲ್ಲ. ಫ್ಯಾನ್ ತಿರುಗದಿದ್ದರೆ ಪ್ರೊಸೆಸರ್ ಸುಟ್ಟುಹೋಗಬಾರದು ಅಂತ ಮಿಷನ್ ತಾನೇ ನಿಂತುಬಿಡುತ್ತದೆ. ಅದು ಸರಿಯಾದ ವ್ಯವಸ್ಥೆಯೇ. ನಾಲ್ಕು ದಿನ ಗಾಳಿ ಹೋಗುವ ಕಿಂಡಿಗೆ ಜೋರಾಗಿ ಊದಿ ಆನ್ ಮಾಡಿದೆ. ಐದನೇ ದಿನ ಅದೂ ಆಗಲಿಲ್ಲ.

ಕಾಸರಗೋಡು ಪೇಟೆಯ ಒಂದು ದೊಡ್ಡ ಕಂಪ್ಯೂಟರ್ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಮುಚ್ಚಳ ತೆರೆದೂ ನೋಡಲಿಲ್ಲ. ‘ಇದ್ ಪಳಯ ಮಾಡೆಲ್ ಅಲ್ಲೇ, ಪಾರ್ಟ್ಸ್ ಕಿಟ್ಟೂಲ’ ಅಂದ. ಹಳೆಯ ಮಾಡೆಲ್, ಪಾರ್ಟ್ಸ್ ಸಿಗುವುದಿಲ್ಲ, ಅಷ್ಟೇ. ಮತ್ತೆ ಇನ್ನೊಂದು ಮಾತು: ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದಿದೆ, ಇದಕ್ಕೆ 11 ಬರುವುದಿಲ್ಲ, ಇನ್ನು ಇದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ವಿಂಡೋಸ್ ಬಗ್ಗೆ ಅವನು ಹೇಳಿದ್ದು ಸುಳ್ಳಲ್ಲ. ಆದರೆ ನಾನು ಕೇಳಿದ್ದು ಫ್ಯಾನ್.

ಬಿಡದೆ ಕೇಳಿದ್ದಕ್ಕೆ ಒಳಗಿನವರು ಬಂದು 1,800 ರೂಪಾಯಿ ಅಡ್ವಾನ್ಸ್ ತೆಗೆದುಕೊಂಡರು. ಮೂರು ವಾರ ಆಯಿತು. ಎರಡು ಸಲ ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ಬಂದೆ. ಮೂರನೇ ಸಲ ಫ್ಯಾನ್ ಬಂದಿತ್ತು, ಆದರೆ ಕೂರಲಿಲ್ಲ. ಕಾರಣ ಇಷ್ಟೇ. ಟಿ420ಯಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಇಂಟೆಲ್ ಗ್ರಾಫಿಕ್ಸ್ ಮಾತ್ರ. ಇನ್ನೊಂದರಲ್ಲಿ ಬೇರೆಯಾಗಿ ಎನ್‌ವಿಡಿಯಾ ಚಿಪ್ ಇರುತ್ತದೆ. ಫ್ಯಾನ್ ಮತ್ತು ಅದಕ್ಕೆ ಅಂಟಿದ ತಾಮ್ರದ ಕೊಳವೆ ಒಂದೇ ಸೆಟ್. ಚಿಪ್ ಎರಡಾದರೆ ತಾಮ್ರದ ಆಕಾರವೂ ಬೇರೆ. ನನ್ನದು ಬರೇ ಇಂಟೆಲ್, ಅವರು ತರಿಸಿದ್ದು ಎನ್‌ವಿಡಿಯಾದ್ದು.

ಇದನ್ನು ತಪ್ಪಿಸುವುದು ಕಷ್ಟವೇ ಅಲ್ಲ. ಥಿಂಕ್‌ಪ್ಯಾಡಿನ ಒಳಗೆ ಬದಲಾಯಿಸಬಹುದಾದ ಪ್ರತಿ ಭಾಗಕ್ಕೂ ಎಫ್‌ಆರ್‌ಯು ನಂಬರ್ ಅಂತ ಒಂದು ಇರುತ್ತದೆ. ಭಾಗದ ಸ್ಟಿಕ್ಕರ್ ಮೇಲೆಯೇ ಅಚ್ಚಾಗಿರುತ್ತದೆ. ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಅಂತ ಚಿತ್ರ ಸಮೇತ ತೋರಿಸುವ ರಿಪೇರಿ ಪುಸ್ತಕವನ್ನು ಕಂಪನಿಯೇ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ಎಲ್ಲ ಎಫ್‌ಆರ್‌ಯು ನಂಬರ್‌ಗಳ ಪಟ್ಟಿಯೂ ಅದರಲ್ಲೇ ಇದೆ. ಲ್ಯಾಪ್‌ಟಾಪಿನ ಅಡಿಯಲ್ಲಿರುವ ಟೈಪ್ ನಂಬರ್ ನೋಡಿ, ಪಟ್ಟಿಯಲ್ಲಿ ಬೆರಳಿಟ್ಟರೆ ಐದು ನಿಮಿಷದ ಕೆಲಸ. ಆ ಐದು ನಿಮಿಷ ಅವರು ಕೊಡಲಿಲ್ಲ. ಹಳೆಯ ಮಾಡೆಲ್ ಅಂದಕೂಡಲೇ ಅವರಿಗೆ ಅದರಲ್ಲಿ ಲಾಭ ಕಾಣುವುದಿಲ್ಲ, ಅಲ್ವಾ? ವಾಪಸ್ ಕೊಡುತ್ತೇನೆ ಅಂದರೆ ಆರ್ಡರ್ ಮಾಡಿ ತರಿಸಿದ್ದು, ತೆಗೆದುಕೊಳ್ಳುವುದಿಲ್ಲ ಅಂದರು. ಹಣ ಹೋದದ್ದಕ್ಕಿಂತ ನನಗೆ ಬೇಸರವಾದದ್ದು ಬೇರೆ. ಅಷ್ಟು ದೊಡ್ಡ ಅಂಗಡಿಯಲ್ಲಿ ಒಬ್ಬರೂ ಆ ಮಿಷನನ್ನು ಮಗುಚಿ ನೋಡಲಿಲ್ಲ.

ಅಷ್ಟರಲ್ಲಿ ಒಂದು ದೇವಸ್ಥಾನದ ಸ್ಮರಣ ಸಂಚಿಕೆ ಕೈಗೆ ಬಂದಿತ್ತು, 64 ಪುಟ, ಜನವರಿ ಮೊದಲ ವಾರಕ್ಕೆ ಪ್ರೆಸ್ಸಿಗೆ ಹೋಗಬೇಕು. ಬೇರೆ ದಾರಿಯೇ ಇರಲಿಲ್ಲ. ಅದೇ ಅಂಗಡಿಯಲ್ಲಿ 34,990 ರೂಪಾಯಿ ಕೊಟ್ಟು ಹೊಸ ಲ್ಯಾಪ್‌ಟಾಪ್ ತಂದೆ. ಆರು ಕಂತು.

ಹೊಸದು ಹಗುರ. ಬೇಗ ಆನ್ ಆಗುತ್ತದೆ. ಬ್ಯಾಟರಿ ಐದು ಗಂಟೆ ಬರುತ್ತದೆ. ಇದನ್ನೆಲ್ಲ ಒಪ್ಪುತ್ತೇನೆ.

ಆದರೆ ಫೆಬ್ರವರಿಯಲ್ಲಿ ಒಂದು ಕೀ ಕೈಕೊಟ್ಟಿತು. ಕನ್ನಡದ ಕಗಪ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರ ಬರೆಯಬೇಕಾದರೆ ಎಫ್ ಕೀ ಒತ್ತಬೇಕು. ‘ಅಮ್ಮ’ ಅಂತ ಬರೆಯಲೂ ಅದು ಬೇಕು. ಕನ್ನಡ ಟೈಪ್ ಮಾಡುವವರಿಗೆ ಅದರಷ್ಟು ದುಡಿಯುವ ಕೀ ಬೇರೆ ಇಲ್ಲ. ಸರಿಯಾಗಿ ಅದೇ ಹೋಯಿತು. ಹತ್ತು ಸಲ ಒತ್ತಿದರೆ ಆರು ಸಲ ಬೀಳುತ್ತಿತ್ತು. ಒಂದು ಪುಟ ಮುಗಿಸಿ ನೋಡಿದರೆ ಒತ್ತಕ್ಷರಗಳೆಲ್ಲ ಬಿಡಿ ಬಿಡಿ. ಅಂಗಡಿಗೆ ಹೋದೆ. ಕೀಬೋರ್ಡ್ ಮಾತ್ರ ಬಿಚ್ಚಲು ಆಗುವುದಿಲ್ಲ ಅಂದರು. ಅದನ್ನು ಮೇಲಿನ ಕವಚಕ್ಕೆ ಪ್ಲಾಸ್ಟಿಕ್ ಕರಗಿಸಿ ಕೂರಿಸಿದ್ದಾರಂತೆ. ಹಾಗಾಗಿ ಇಡೀ ಮೇಲ್ಭಾಗವೇ ಬದಲಾಗಬೇಕು. ವಾರಂಟಿ ಇದೆ, ಆದರೆ ಕಳುಹಿಸಿ ಬರಲು ಮೂರು ವಾರ. ಮೂರು ವಾರ ಅಂದರೆ ನನಗೆ ಮೂರು ವಾರದ ದುಡಿಮೆ. ಮದುವೆ ಕಾಗದದವರು ಕಾಯುವುದಿಲ್ಲ, ಮುಹೂರ್ತ ಮುಂದೆ ಹೋಗುವುದಿಲ್ಲ.

ಟಿ420ಯಲ್ಲಿ ಕೀಬೋರ್ಡ್ ತೆಗೆಯಲು ಅಡಿಯಲ್ಲಿ ಎರಡು ಸ್ಕ್ರೂ. ಪಕ್ಕದಲ್ಲಿ ಕೀಬೋರ್ಡಿನ ಸಣ್ಣ ಚಿತ್ರ ಕೂಡ ಇದೆ. ಅವನ್ನು ಬಿಚ್ಚಿ, ಕೀಬೋರ್ಡನ್ನು ಸ್ವಲ್ಪ ಪರದೆಯ ಕಡೆಗೆ ತಳ್ಳಿ ಎತ್ತಿದರೆ ಬಂತು. 2020ರಲ್ಲಿ ನಾನೇ ಒಮ್ಮೆ ಬದಲಾಯಿಸಿದ್ದೇನೆ, ಮನೆಯ ಚಾವಡಿಯಲ್ಲಿ ಕುಳಿತು.

ಮೆಮೊರಿಯ ಕಥೆಯೂ ಹಾಗೆಯೇ. ಹೊಸದರಲ್ಲಿ 8 ಜಿಬಿ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಸ್ಲಾಟ್ ಇಲ್ಲ. ಹಳೆಯದರಲ್ಲಿ ಎರಡು ಸ್ಲಾಟ್.

ಹೊಸದು ರಿಪೇರಿಗೆ ಹೋದ ಮೇಲೆ ಪುತ್ತೂರಿನ ಭಾವ ತಮ್ಮ ಥಿಂಕ್‌ಪ್ಯಾಡ್ ಟಿ480 ಕೊಟ್ಟರು. ‘ಮೇ ತನಕ ಇಟ್ಟುಕೊಳ್ಳಿ ಭಾವ, ನನಗೆ ಆಫೀಸಿನದ್ದು ಇದೆ’ ಅಂದರು. ಇದು 2018ರ ಮಾಡೆಲ್. ಯಾವುದೋ ಕಂಪನಿ ಬಳಸಿ ಬಿಟ್ಟದ್ದನ್ನು ಅವರು 18,500 ರೂಪಾಯಿಗೆ ಕೊಂಡಿದ್ದರು. ಎರಡು ತಿಂಗಳು ಬಳಸಿದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಬ್ಯಾಟರಿಯ ಕ್ರಮ. ಒಳಗೆ ಒಂದು ಬ್ಯಾಟರಿ, ಹಿಂದೆ ತೆಗೆಯಬಹುದಾದದ್ದು ಇನ್ನೊಂದು. ಹೊರಗಿನದ್ದು ಖಾಲಿಯಾದರೆ ಆಫ್ ಮಾಡದೆಯೇ ಕಳಚಿ ಬೇರೆ ಹಾಕಬಹುದು, ಅಷ್ಟು ಹೊತ್ತು ಒಳಗಿನದ್ದು ಹಿಡಿದುಕೊಳ್ಳುತ್ತದೆ. ಮಾರ್ಚಿನಲ್ಲಿ ಗುಡುಗು ಮಳೆ ಬಂದು ಕರೆಂಟ್ ಹೋದ ಒಂದು ದಿನ ಸಂಜೆ ಐದರಿಂದ ರಾತ್ರಿ ಹತ್ತೂವರೆಯವರೆಗೆ ನಿಲ್ಲಿಸದೆ ಕೆಲಸ ಮಾಡಿದೆ. ಮೆಮೊರಿಗೆ ಇದರಲ್ಲೂ ಎರಡು ಸ್ಲಾಟ್ ಇವೆ. ವಿಂಡೋಸ್ 11 ಕೂಡ ನಡೆಯುತ್ತದೆ. ಕೊಳ್ಳುವವರು ಒಂದು ನೋಡಿಕೊಳ್ಳಿ: ಟಿ480 ಇಂಟೆಲಿನ ಏಳನೇ ತಲೆಮಾರಿನ ಪ್ರೊಸೆಸರಿನಲ್ಲೂ ಬಂದಿದೆ, ಎಂಟನೆಯದ್ದರಲ್ಲೂ ಬಂದಿದೆ. ವಿಂಡೋಸ್ 11 ಬೇಕಾದರೆ ಎಂಟನೆಯದ್ದೇ ಕೇಳಿ. ಅಂಗಡಿಯವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಇದರ ಕೀಬೋರ್ಡ್ ಒಳ್ಳೆಯದೇ. ಆದರೆ ನನ್ನ ಕೈಗೆ ಟಿ420ಯ ಏಳು ಸಾಲಿನ ಕೀಬೋರ್ಡ್ ಅಭ್ಯಾಸವಾಗಿದೆ. ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಎಲ್ಲ ಬಲಗಡೆ ಮೇಲೆ ಒಂದೇ ಕಡೆ ಗುಂಪಾಗಿವೆ. ಡಿಲೀಟ್ ಕೀ ಎರಡು ಕೀಯಷ್ಟು ಉದ್ದ. ಪ್ರೂಫ್ ತಿದ್ದುವಾಗ ಕಣ್ಣು ಕಾಗದದ ಮೇಲಿರುತ್ತದೆ, ಬೆರಳು ತಾನೇ ಹುಡುಕಿಕೊಂಡು ಹೋಗುತ್ತದೆ. 2012ರ ಟಿ430ಯಿಂದ ಅದು ಆರು ಸಾಲಾಯಿತು. ಟಿ480ಯಲ್ಲಿ ಎರಡು ತಿಂಗಳಾದರೂ ನಾನು ಪೇಜ್ ಡೌನ್‌ಗೆ ಕೆಳಗೆ ನೋಡುತ್ತಿದ್ದೆ.

ಏಪ್ರಿಲಿನಲ್ಲಿ ಮಂಗಳೂರಿಗೆ ಹೋಗುವ ಕೆಲಸ ಇತ್ತು. ಟಿ420 ಚೀಲದಲ್ಲಿ ಹಾಕಿಕೊಂಡೆ. ಹಂಪನಕಟ್ಟೆಯ ಹತ್ತಿರ ಒಂದು ಕಟ್ಟಡದ ಮಾಳಿಗೆಯಲ್ಲಿ ಸಣ್ಣ ರಿಪೇರಿ ಅಂಗಡಿ, ಒಬ್ಬರೇ ಕೂರುವಷ್ಟು ಜಾಗ. ಅವರು ಕೈಗೆ ತೆಗೆದುಕೊಂಡವರು ಮೊದಲು ಮಾಡಿದ ಕೆಲಸ ಮಗುಚಿ ಟೈಪ್ ನಂಬರ್ ಓದಿದ್ದು. ‘ಇಂಟೆಲ್‌ದು ಮಾತ್ರ ಅಲ್ವಾ?’ ಅಂತ ಅವರೇ ಕೇಳಿದರು. ನನಗೆ ಅಲ್ಲಿಯೇ ಧೈರ್ಯ ಬಂತು. ಕಾಸರಗೋಡಿನ ಕಥೆ ಹೇಳಿದೆ. ‘ಮಾರಾಯ್ರೆ, ಇದರ ಪಾರ್ಟ್ಸ್ ಸಿಗುವಷ್ಟು ಹೊಸದರದ್ದು ಸಿಗುವುದಿಲ್ಲ’ ಅಂದರು. ಆಫೀಸುಗಳು ಒಟ್ಟಿಗೆ ನೂರಾರು ಕೊಂಡ ಮಾಡೆಲ್‌ಗಳಿವು. ಅವು ಹಳತಾದಾಗ ಒಟ್ಟಿಗೇ ಹೊರಗೆ ಬರುತ್ತವೆ. ಬೋರ್ಡ್ ಹೋದ ಲ್ಯಾಪ್‌ಟಾಪಿನಿಂದ ಫ್ಯಾನ್, ಸ್ಕ್ರೀನ್ ಹೋದ ಲ್ಯಾಪ್‌ಟಾಪಿನಿಂದ ಕೀಬೋರ್ಡ್ ತೆಗೆದಿಟ್ಟುಕೊಳ್ಳುತ್ತಾರೆ. ಅವರ ಹಿಂದಿನ ಕಪಾಟಿನಲ್ಲೇ ಅಂಥ ಎರಡು ಇದ್ದವು.

ಫ್ಯಾನಿಗೆ 850, ಕೂಲಿ 700. ಪ್ರೊಸೆಸರಿನ ಮೇಲೆ ಶಾಖ ಸಾಗಿಸಲು ಹಚ್ಚಿದ್ದ ಹಳೆಯ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದರು. ಎರಡು ಗಂಟೆ ಅಲ್ಲೇ ಕುಳಿತು ನೋಡಿದೆ. ಆನ್ ಮಾಡಿದಾಗ ಆ ಎರಡು ಶಬ್ದ ಬರಲಿಲ್ಲ. ಐದು ತಿಂಗಳ ಮೊದಲು ಹೇಗೆ ಬಿಟ್ಟಿದ್ದೆನೋ ಹಾಗೆಯೇ ಎಲ್ಲ ಇತ್ತು. ತಲಪಾಡಿ ದಾಟುವವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ.

ಇನ್ನು ವಿಂಡೋಸ್ ವಿಷಯ. ಅಂಗಡಿಯ ಹುಡುಗ ಹೇಳಿದ್ದು ಸರಿ, ಟಿ420ಯಲ್ಲಿರುವ ಇಂಟೆಲಿನ ಎರಡನೇ ತಲೆಮಾರಿನ ಪ್ರೊಸೆಸರಿಗೆ ವಿಂಡೋಸ್ 11 ಸಿಗುವುದಿಲ್ಲ. ನಾನು ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ 22 ಹಾಕಿದೆ. ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಕಗಪ ಕೀಬೋರ್ಡ್ ಅದರಲ್ಲೇ ಇದೆ, ಬೇರೆ ತಂತ್ರಾಂಶ ಬೇಡ. ಮಲಯಾಳವೂ ಇದೆ. ನಮ್ಮ ಕಡೆ ಇದಕ್ಕೆ ಹೆದರುವ ಅಗತ್ಯವೇ ಇಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಉಬುಂಟು ಅನ್ನುವ ಲಿನಕ್ಸಿನ ಆಧಾರದ ವ್ಯವಸ್ಥೆಯಲ್ಲಿ, ಮಿಂಟಿಗೂ ಅದೇ ಆಧಾರ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 2001ರಲ್ಲಿ ಐಟಿ@ಸ್ಕೂಲ್ ಅಂತ ಶುರುವಾದ ಯೋಜನೆ 2017ರಲ್ಲಿ ಕೈಟ್ ಅನ್ನುವ ಸರಕಾರಿ ಸಂಸ್ಥೆ ಆಯಿತು. ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸಿನ ನನ್ನ ಮಗಳು ಮಿಂಟ್ ನೋಡಿ ‘ಇದು ನಮ್ಮ ಶಾಲೆಯದ್ದರ ಹಾಗೇ ಉಂಟಲ್ಲ ಅಪ್ಪಾ’ ಅಂದಳು. ಪ್ರಿಂಟರ್ ಜೋಡಿಸಿಕೊಟ್ಟದ್ದೂ ಅವಳೇ.

ಒಂದು ತೊಡಕು ಉಂಟು. ನನ್ನ ಹಳೆಯ ಕೆಲಸವೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್ 7 ತಂತ್ರಾಂಶದಲ್ಲಿ, ನುಡಿಯ ಹಳೆಯ ಫಾಂಟಿನಲ್ಲಿ ಇದೆ. ಅದು ಮಿಂಟಿನಲ್ಲಿ ತೆರೆಯುವುದಿಲ್ಲ. ಹೊಸ ಲ್ಯಾಪ್‌ಟಾಪಿಗೆ ಬಂದರೂ ಆ ಅಕ್ಷರಗಳನ್ನು ಈಗಿನ ಯೂನಿಕೋಡಿಗೆ ಪರಿವರ್ತಿಸಬೇಕಾದದ್ದೇ. ಅದಕ್ಕೆ ಟಿ420ಯಲ್ಲಿ ಡಿಸ್ಕಿನ ಒಂದು ಭಾಗದಲ್ಲಿ ವಿಂಡೋಸ್ 7 ಹಾಗೆಯೇ ಉಳಿಸಿದ್ದೇನೆ. ಅದಕ್ಕೆ ಇಂಟರ್‌ನೆಟ್ ಕೊಡುವುದಿಲ್ಲ. ಹಳೆಯ ಸಂಚಿಕೆ ಬೇಕಾದಾಗ ಅದರಲ್ಲಿ ತೆರೆದು, ಅಕ್ಷರ ಪರಿವರ್ತಿಸಿ ಈ ಕಡೆ ತರುತ್ತೇನೆ.

ಟಿ420ಯ ಕೊರತೆಗಳನ್ನೂ ಹೇಳಬೇಕು. ಭಾರ ಎರಡು ಕಿಲೋಗಿಂತ ಜಾಸ್ತಿ. ಬ್ಯಾಟರಿ ನನ್ನದು ಎರಡು ಗಂಟೆ ಮಾತ್ರ. ಸ್ಕ್ರೀನ್ ಬಿಸಿಲಿನಲ್ಲಿ ಕಾಣುವುದಿಲ್ಲ. ದಿನಾ ಚೀಲದಲ್ಲಿ ಹೊತ್ತು ತಿರುಗುವವರಿಗೆ ಇದು ಬೇಡ. ವಿಂಡೋಸ್ 11 ಇಲ್ಲದೆ ಆಗದವರಿಗೂ ಬೇಡ, ಅವರು ಭಾವನ ಹಾಗೆ ಟಿ480 ನೋಡಲಿ. ಹೊಸದನ್ನೇ ಕೊಳ್ಳಬೇಕೆಂದಿದ್ದರೆ ಹಣ ಕೊಡುವ ಮೊದಲು ಅಂಗಡಿಯಲ್ಲೇ ಕೇಳಿ: ಕೀಬೋರ್ಡ್ ಮಾತ್ರ ಬದಲಾಗುತ್ತದಾ, ಮೆಮೊರಿ ಸ್ಲಾಟ್ ಇದೆಯಾ. ನಾನು ಎರಡನ್ನೂ ಕೇಳಿರಲಿಲ್ಲ.

ನಾನು ಮನೆಯಲ್ಲೇ ಕೂರುವವನು, ಕೈಯಲ್ಲಿ ಹಣ ಕಡಿಮೆ, ಬೆರಳಿಗೆ ಹಳೆಯ ಕೀಬೋರ್ಡ್ ಗೊತ್ತು. 34,990 ಎಲ್ಲಿ, 1,550 ಎಲ್ಲಿ? ಹೊಸ ಲ್ಯಾಪ್‌ಟಾಪ್ ಮಾರ್ಚ್ ಕೊನೆಗೆ ರಿಪೇರಿಯಾಗಿ ಬಂತು. ಈಗ ಅದರಲ್ಲಿ ಮಗಳು ಓದುತ್ತಾಳೆ. ಟಿ480 ಮೇ ಮೊದಲ ವಾರ ಪುತ್ತೂರಿಗೆ ಹೋಗಿ ಕೊಟ್ಟು ಬಂದೆ.

ಆ ತಪ್ಪು ಫ್ಯಾನ್ ಮಾತ್ರ ಪೆಟ್ಟಿಗೆ ಸಮೇತ ನನ್ನ ಮೇಜಿನ ಖಾನೆಯಲ್ಲಿದೆ. ಒಮ್ಮೆಯೂ ಬಳಸಿದ್ದಲ್ಲ. ಕುಂಬಳೆ, ಪೆರ್ಲ, ಮುಳ್ಳೇರಿಯ, ಪುತ್ತೂರು ಕಡೆ ಯಾರಲ್ಲಾದರೂ ಎನ್‌ವಿಡಿಯಾ ಇರುವ ಟಿ420 ಕರಕರ ಅನ್ನುತ್ತಿದ್ದರೆ ಹೇಳಿ. ಹಣ ಬೇಡ. ಬರುವಾಗ ನಿಮ್ಮ ಹಳೆಯ ಫ್ಯಾನಿನ ಸ್ಟಿಕ್ಕರಿನಲ್ಲಿರುವ ಎಫ್‌ಆರ್‌ಯು ನಂಬರ್ ಬರೆದುಕೊಂಡು ಬನ್ನಿ, ಹೋಲಿಸಿ ನೋಡಿಯೇ ಕೊಡುತ್ತೇನೆ.